ಸ್ಲೋ ಮೋಷನ್‌ನಲ್ಲಿ ಟೆನಿಸ್ ಹೊಡೆತ ನೋಡುವುದು ಹೇಗೆ? ಮಳೆಗಾಲಕ್ಕೊಂದು ಪೂರ್ತಿ ಮಾರ್ಗದರ್ಶಿ

ಕಾರವಾರದಲ್ಲಿ ಜೂನ್ ಬಂತೆಂದರೆ ಹೊರಗಿನ ಟೆನಿಸ್ ಕೋರ್ಟಿಗೆ ರಜೆ. ಸಿಮೆಂಟಿಗೆ ಪಾಚಿ ಹಿಡಿಯುತ್ತದೆ, ಚೆಂಡು ನೀರು ಕುಡಿದು ಭಾರವಾಗುತ್ತದೆ. ಸೆಪ್ಟೆಂಬರ್ ತನಕ ಇದೇ ಕತೆ. ಶಿರಸಿ ಕಡೆಯ ಮಳೆ ಬಗ್ಗೆ ಹೇಳುವುದೇ ಬೇಡ. ಆದರೆ ವಿಂಬಲ್ಡನ್ ನಡೆಯುವುದೂ ಇದೇ ಹೊತ್ತಿಗೆ. ಅದು ಮುಗಿದು ಒಂದೂವರೆ ತಿಂಗಳಿಗೆ ಯುಎಸ್ ಓಪನ್. ಆಡಲು ಆಗದ ತಿಂಗಳುಗಳಲ್ಲಿ ನೋಡಲು ಬೇಕಾದಷ್ಟಿದೆ.

ನೋಡುವವರೂ ಬಹಳ ಇದ್ದಾರೆ. ಸಂಜೆ ಇಡೀ ಫೆಡರರ್ ಫೋರ್‌ಹ್ಯಾಂಡ್ (ಅಂಗೈ ಮುಂದಿಟ್ಟು ಹೊಡೆಯುವ ಹೊಡೆತ) ನಿಧಾನವಾಗಿ ಓಡಿಸಿ, ‘ಆಹಾ’ ಅಂದು ಮೊಬೈಲ್ ಕೆಳಗಿಡುತ್ತಾರೆ. ಅಕ್ಟೋಬರ್‌ನಲ್ಲಿ ಕೋರ್ಟಿಗೆ ಇಳಿದಾಗ ಹೊಡೆತ ಹಳೆಯದೇ. ಸುಮ್ನೆ ನೋಡುವುದಕ್ಕೂ ಹುಡುಕಿ ನೋಡುವುದಕ್ಕೂ ಅಷ್ಟು ವ್ಯತ್ಯಾಸ ಇದೆ. ಇನ್ನೊಂದು ತೊಡಕೂ ಇದೆ. ಸ್ಲೋ ಮೋಷನ್‌ನಲ್ಲಿ ದೇಹದ ಆಕಾರ ಕಾಣುತ್ತದೆ, ಬಲ ಎಲ್ಲಿಂದ ಬಂತು ಅಂತ ಕಾಣುವುದಿಲ್ಲ. ಆಟಗಾರ ಬೇಕಂತಲೇ ಮಾಡಿದ್ದು ಯಾವುದು, ತಾನಾಗಿ ಆದದ್ದು ಯಾವುದು, ಇದನ್ನು ಬೇರೆ ಮಾಡಲು ಬಂದರೆ ವಿಡಿಯೊ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಮಣಿಕಟ್ಟು ನೋವು ಗ್ಯಾರಂಟಿ.

ಮೊದಲು ಫ್ರೇಮಿನ ಲೆಕ್ಕ

ಚೆಂಡು ರ‍್ಯಾಕೆಟ್ಟಿನ ತಂತಿಯ ಮೇಲೆ ಇರುವುದು ನಾಲ್ಕೈದು ಮಿಲಿಸೆಕೆಂಡ್ ಮಾತ್ರ. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ. ಒಂದು ಫ್ರೇಮಿಗೂ ಮುಂದಿನದಕ್ಕೂ 33 ಮಿಲಿಸೆಕೆಂಡ್ ಅಂತರ. ಆ ಅಂತರದಲ್ಲಿ ಚೆಂಡು ಬಂದು, ತಾಗಿ, ಹೋಗಿಯೂ ಆಗಿರುತ್ತದೆ. ಏಳೆಂಟು ಹೊಡೆತಕ್ಕೆ ಒಮ್ಮೆ ತಂತಿಯ ಮೇಲಿನ ಚೆಂಡು ಕಂಡರೆ ಅದೃಷ್ಟ.

ಗಂಟೆಗೆ 120 ಕಿ.ಮೀ. ವೇಗದ ಚೆಂಡು 30 ಫ್ರೇಮಿನ ವಿಡಿಯೊದಲ್ಲಿ ಫ್ರೇಮಿನಿಂದ ಫ್ರೇಮಿಗೆ 1.1 ಮೀಟರ್ ಹಾರುತ್ತದೆ. 60 ಫ್ರೇಮ್ ಇದ್ದರೆ ಸುಮಾರು 55 ಸೆಂ.ಮೀ. ಈಗಿನ ಎಷ್ಟೋ ಮೊಬೈಲ್‌ಗಳಲ್ಲಿ ಇರುವ 240 ಫ್ರೇಮಿನಲ್ಲಿ 14 ಸೆಂ.ಮೀ. ಹಾಗಾಗಿ ಹುಡುಕುವುದು ಏನು ಅಂತ ಮೊದಲೇ ತೀರ್ಮಾನಿಸಿ. ಕಾಲಿನ ಚಲನೆ, ನಿಂತ ಜಾಗ, ಹೊಡೆದ ಮೇಲೆ ನಡುವಿಗೆ ಮರಳುವುದು, ಇದಕ್ಕೆಲ್ಲ 30 ಸಾಕು. ರ‍್ಯಾಕೆಟ್ ಬರುವ ದಾರಿ ನೋಡಲು 60 ಬೇಕು. ಚೆಂಡು ತಾಗುವ ಕ್ಷಣ ಬೇಕೆಂದರೆ 240ಕ್ಕಿಂತ ಕಡಿಮೆ ಇರುವುದನ್ನು ಹಿಡಿದು ವಾದ ಮಾಡಬೇಡಿ.

ಫ್ರೇಮ್ ಜಾಸ್ತಿ ಇದ್ದ ಮಾತ್ರಕ್ಕೆ ಚಿತ್ರ ಚೊಕ್ಕ ಬರುವುದಿಲ್ಲ. ಶಟರ್, ಅಂದರೆ ಕ್ಯಾಮೆರಾಕ್ಕೆ ಬೆಳಕು ಬಿಡುವ ಬಾಗಿಲು, ತೆರೆದಿರುವ ಹೊತ್ತೂ ಮುಖ್ಯ. ಸೆಕೆಂಡಿನ 250ನೇ ಒಂದು ಭಾಗ ತೆರೆದಿದ್ದರೆ ಅದೇ ಚೆಂಡು ಅಷ್ಟರಲ್ಲಿ 13 ಸೆಂ.ಮೀ. ಸರಿದು ಹಳದಿ ಗೀರಾಗಿ ಕಾಣುತ್ತದೆ. ಚೆಂಡಿನ ಅಗಲವೇ ಆರೂವರೆಯಿಂದ ಏಳು ಸೆಂ.ಮೀ. ಒಳಗೆ. 2000ನೇ ಒಂದು ಭಾಗವಾದರೆ ಚೆಂಡು ಎರಡು ಸೆಂ.ಮೀ. ಕೂಡ ಸರಿದಿರುವುದಿಲ್ಲ.

ಮೊಬೈಲ್ ವಿಡಿಯೊದಲ್ಲಿ ರ‍್ಯಾಕೆಟ್ ಬಾಳೆ ಎಲೆಯ ಹಾಗೆ ಬಾಗಿದ್ದು ಕಂಡರೆ ಗಾಬರಿ ಬೇಡ. ಮೊಬೈಲ್ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಸಲ ಹಿಡಿಯುವುದಿಲ್ಲ, ಸಾಲು ಸಾಲಾಗಿ ಹಿಡಿಯುತ್ತದೆ. ಅಷ್ಟರಲ್ಲಿ ರ‍್ಯಾಕೆಟ್ ಮುಂದೆ ಹೋಗಿರುತ್ತದೆ. ಆ ಫ್ರೇಮಿನಲ್ಲಿ ರ‍್ಯಾಕೆಟ್ಟಿನ ಕೋನ ಅಳೆಯಬಾರದು, ಅಷ್ಟೇ.

ವಿಡಿಯೊ ಆರಿಸುವುದು, ಓಡಿಸುವುದು

ಟಿವಿಯ ಮಾಮೂಲಿ ಕ್ಯಾಮೆರಾ ಕೋರ್ಟಿನ ತುದಿಗೆರೆಯಾದ ಬೇಸ್‌ಲೈನಿನ ಹಿಂದೆ ಎತ್ತರದಲ್ಲಿರುತ್ತದೆ. ಅಲ್ಲಿಂದ ಆಟದ ತಂತ್ರ ಚೆನ್ನಾಗಿ ಕಾಣುತ್ತದೆ, ಹೊಡೆತ ಕಾಣುವುದಿಲ್ಲ. ಚೆಂಡು ದೇಹದಿಂದ ಎಷ್ಟು ಮುಂದೆ ತಾಗಿತು ಅನ್ನುವುದು ಆ ಕೋನದಲ್ಲಿ ಮಡಚಿಹೋಗುತ್ತದೆ. ಅಭ್ಯಾಸದ ಕೋರ್ಟಿನಲ್ಲಿ ನೆಲದ ಮಟ್ಟದಿಂದ ತೆಗೆದ ವಿಡಿಯೊ ಹುಡುಕಿ. ಎರಡು ಕೋನ ಬೇಕು: ಪಕ್ಕದಿಂದ ಒಂದು, ನೇರ ಹಿಂದಿನಿಂದ ಒಂದು. ಪಕ್ಕದ್ದರಲ್ಲಿ ಹಿಂದು ಮುಂದು ತಿಳಿಯುತ್ತದೆ, ಹಿಂದಿನದ್ದರಲ್ಲಿ ಎಡ ಬಲ. ಓರೆಯಿಂದ ತೆಗೆದದ್ದು ನೋಡಲು ಚಂದ, ಅಳೆಯಲು ಕೆಲಸಕ್ಕೆ ಬಾರದು.

ಯೂಟ್ಯೂಬ್‌ನಲ್ಲಿ ಗುಣಮಟ್ಟವನ್ನು 720 ಅಥವಾ ಮೇಲಕ್ಕೆ ಇಡಿ. ಅದಕ್ಕಿಂತ ಕೆಳಗೆ 60 ಫ್ರೇಮ್ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ವಿಡಿಯೊ ನಿಲ್ಲಿಸಿ ಅಲ್ಪವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಹಿಂದೆ, ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಮುಂದೆ. ನಿಮ್ಮ ಹತ್ತಿರ ಇರುವ ಫೈಲನ್ನು ವಿಎಲ್‌ಸಿಯಲ್ಲಿ ತೆರೆದು ‘ಇ’ (E) ಕೀ ಒತ್ತುತ್ತ ಹೋದರೂ ಆಯಿತು. ಗೆರೆ ಎಳೆಯಲು, ಕೋನ ಅಳೆಯಲು, ಎರಡು ವಿಡಿಯೊ ಪಕ್ಕಪಕ್ಕ ಓಡಿಸಲು ಕಿನೋವಿಯಾ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ವಿಂಡೋಸ್ ಕಂಪ್ಯೂಟರಿಗೆ. ದುಡ್ಡು ಕೇಳುವ ಆ್ಯಪ್‌ಗಳ ಬೆನ್ನು ಹತ್ತುವ ಮೊದಲು ಇದನ್ನು ನೋಡಿ.

ವಿಡಿಯೊದ ನಿಜವಾದ ವೇಗ ತಿಳಿಯುವ ಉಪಾಯ

ಸಿಕ್ಕಿದ ಸ್ಲೋ ಮೋಷನ್ ಎಷ್ಟು ಪಟ್ಟು ನಿಧಾನ ಅಂತ ಹೆಚ್ಚಿನವರು ಬರೆದಿರುವುದಿಲ್ಲ. ಅದು ಗೊತ್ತಿಲ್ಲದೆ ‘ಇವನ ಸ್ವಿಂಗ್ ಎಷ್ಟು ನಿಧಾನ ಶುರುವಾಗುತ್ತದೆ ನೋಡಿ’ ಅನ್ನುವುದಕ್ಕೆ ಅರ್ಥ ಇಲ್ಲ. ಸರ್ವ್ (ಪಾಯಿಂಟ್ ಶುರು ಮಾಡುವ ಹೊಡೆತ) ಇರುವ ವಿಡಿಯೊ ಆದರೆ ಗುರುತ್ವದಿಂದಲೇ ಲೆಕ್ಕ ಹಿಡಿಯಬಹುದು. ಟಾಸ್ ಮಾಡಿದ, ಅಂದರೆ ಹೊಡೆಯಲು ಮೇಲೆ ಎಸೆದ, ಚೆಂಡು ಬೀಳುವ ವೇಗ ಕಾರವಾರದಲ್ಲೂ ಲಂಡನ್‌ನಲ್ಲೂ ಹೆಚ್ಚುಕಡಿಮೆ ಒಂದೇ ಅಲ್ವಾ?

ಹೀಗೆ ಮಾಡಿ. ರ‍್ಯಾಕೆಟ್ ಚೆಂಡಿಗೆ ತಾಗುವ ಎತ್ತರಕ್ಕೆ ಪರದೆಯ ಮೇಲೆ ಒಂದು ಗೆರೆ ಗುರುತು ಮಾಡಿಕೊಳ್ಳಿ. ಟಾಸ್ ಮೇಲೆ ಹೋಗುವಾಗ ಚೆಂಡು ಆ ಗೆರೆ ದಾಟಿದ ಫ್ರೇಮಿನಿಂದ ಎಣಿಸಲು ಶುರು ಮಾಡಿ. ಮೇಲೆ ಹೋಗಿ, ತಿರುಗಿ ಬಂದು, ರ‍್ಯಾಕೆಟ್ ತಾಗುವ ತನಕ ಎಷ್ಟು ಫ್ರೇಮ್ ಅಂತ ಬರೆದುಕೊಳ್ಳಿ. ಆಮೇಲೆ ಚೆಂಡು ಆ ಗೆರೆಗಿಂತ ಎಷ್ಟು ಮೇಲೆ ಹೋಗಿತ್ತು ಅಂತ ಅಳೆಯಿರಿ. ಅಳತೆಗೋಲು ಚೆಂಡೇ, ಅದರ ಅಗಲ ಸುಮಾರು 6.7 ಸೆಂ.ಮೀ. ನಾಲ್ಕೂವರೆ ಚೆಂಡಿನಷ್ಟು ಮೇಲೆ ಹೋಗಿದ್ದರೆ 30 ಸೆಂ.ಮೀ. ಅಷ್ಟು ಎತ್ತರದಿಂದ ಬೀಳಲು ಕಾಲು ಸೆಕೆಂಡ್, ಏರಲೂ ಅಷ್ಟೇ. ಒಟ್ಟು ಅರ್ಧ ಸೆಕೆಂಡ್. ನೀವು ಎಣಿಸಿದ್ದು 120 ಫ್ರೇಮ್ ಆದರೆ ವಿಡಿಯೊ ಸೆಕೆಂಡಿಗೆ 240 ಫ್ರೇಮಿನದು. 60 ಸಿಕ್ಕರೆ 120ರದು. ಕ್ಯಾಮೆರಾ ಅಲುಗಾಡದೆ ಇರಬೇಕು, ಅದೊಂದು ಷರತ್ತು.

ತಾಗುವ ಫ್ರೇಮಿನಿಂದ ಹಿಂದಕ್ಕೆ

ಹೆಚ್ಚಿನವರು ಹೊಡೆತವನ್ನು ಶುರುವಿನಿಂದ ಕೊನೆಯ ತನಕ ನೋಡುತ್ತಾರೆ. ನಾನು ಉಲ್ಟಾ ಹೋಗುತ್ತೇನೆ. ಚೆಂಡು ರ‍್ಯಾಕೆಟ್ಟಿಗೆ ತಾಗಿದ ಫ್ರೇಮಿನಲ್ಲಿ ನಿಲ್ಲಿಸಿ, ಅಲ್ಲಿಂದ ಹಿಂದಕ್ಕೆ. ಯಾಕೆಂದರೆ ಚೆಂಡಿಗೆ ಗೊತ್ತಾಗುವುದು ಆ ನಾಲ್ಕೈದು ಮಿಲಿಸೆಕೆಂಡ್ ಮಾತ್ರ. ರ‍್ಯಾಕೆಟ್ಟಿನ ಮುಖ ಎತ್ತ ನೋಡುತ್ತಿತ್ತು, ಯಾವ ದಿಕ್ಕಿಗೆ ಹೋಗುತ್ತಿತ್ತು, ಎಷ್ಟು ವೇಗ, ತಂತಿಯ ಯಾವ ಜಾಗ. ಇಷ್ಟರ ಮೇಲೆಯೇ ಚೆಂಡಿನ ಹಣೆಬರಹ. ಹಿಂದಿನದೆಲ್ಲ ಆ ಕ್ಷಣಕ್ಕೆ ಬರಲು ಮಾಡಿದ ತಯಾರಿ. ಆಮೇಲಿನದೆಲ್ಲ ವೇಗ ಇಳಿಸುವ ದಾರಿ.

ಇನ್ನು, ಒಂದು ಸಲಕ್ಕೆ ಒಂದೇ ಅಂಗ ನೋಡಿ. ಯಕ್ಷಗಾನದ ಕುಣಿತ ಕಲಿಯಲು ಕೂತವನು ಕಿರೀಟ ನೋಡುತ್ತ ಕೂರುವುದಿಲ್ಲ, ಮೊದಲು ಹೆಜ್ಜೆ ನೋಡುತ್ತಾನೆ. ಇಲ್ಲೂ ಹಾಗೆಯೇ. ಮೊದಲ ಸಲ ಪಾದ, ಎರಡನೇ ಸಲ ಸೊಂಟ ಮತ್ತು ಭುಜ, ಆಮೇಲೆ ಹೊಡೆಯದ ಕೈ, ಆಮೇಲೆ ತಲೆ, ಕೊನೆಗೆ ರ‍್ಯಾಕೆಟ್. ಕಣ್ಣು ತಾನಾಗಿ ರ‍್ಯಾಕೆಟ್ಟಿನ ಕಡೆಗೇ ಓಡುತ್ತದೆ. ಬೇಕಾದರೆ ಪರದೆಯ ಮೇಲಿನ ಅರ್ಧ ಕಾಗದದಿಂದ ಮುಚ್ಚಿ ಪಾದ ನೋಡಿ. ತಮಾಷೆ ಅನ್ನಿಸಬಹುದು, ಆದರೆ ಕೆಲಸ ಮಾಡುತ್ತದೆ.

ಪಾದ ನೋಡುವಾಗ ತಪ್ಪಿಸಬಾರದ್ದು ಸ್ಪ್ಲಿಟ್ ಸ್ಟೆಪ್. ಎದುರಾಳಿ ಚೆಂಡು ಹೊಡೆಯುವ ಹೊತ್ತಿಗೆ ಆಟಗಾರ ಸಣ್ಣಗೆ ಜಿಗಿದು, ಎರಡೂ ಪಾದ ಅಗಲಿಸಿ ನೆಲ ಮುಟ್ಟುತ್ತಾನೆ. ಇದನ್ನು ನೋಡಲು ಇಬ್ಬರೂ ಚಿತ್ರದಲ್ಲಿ ಇರಬೇಕು, ಹಾಗಾಗಿ ಟಿವಿ ಕೋನ ಇಲ್ಲಿ ಮಾತ್ರ ಒಳ್ಳೆಯದು. ಜೊಕೊವಿಚ್ ಸರ್ವ್ ಎದುರಿಸುವ ಯಾವ ವಿಡಿಯೊ ಹಾಕಿದರೂ ಇದು ಸಿಗುತ್ತದೆ.

ಫೋರ್‌ಹ್ಯಾಂಡ್: ಇಲ್ಲಿ ಸಮಯ ಕೊಡಿ

ತಾಗಿದ ಫ್ರೇಮಿನಲ್ಲಿ ಮೊದಲು ಮೊಣಕೈ ನೋಡಿ. ಫೆಡರರ್, ನಡಾಲ್, ಅಲ್ಕರಾಸ್ ಮೂವರದೂ ತೋಳು ನೇರ. ಜೊಕೊವಿಚ್‌ನದು ಮೊಣಕೈ ಮಡಚಿದೆ. ನಾಲ್ವರೂ ವಿಶ್ವದ ಒಂದನೇ ಸ್ಥಾನಕ್ಕೆ ಏರಿದವರೇ. ಅಂದಮೇಲೆ ತೋಳು ನೇರ ಇರಬೇಕೋ ಬೇಡವೋ ಅನ್ನುವುದು ಅವರವರ ಶೈಲಿಯ ವಿಷಯ. ಈಗ ಅದೇ ನಾಲ್ಕು ಫ್ರೇಮಿನಲ್ಲಿ ಬೇರೆಯದು ಹುಡುಕಿ. ನಾಲ್ವರಲ್ಲೂ ಚೆಂಡು ದೇಹಕ್ಕಿಂತ ಮುಂದೆ ತಾಗಿದೆ. ನಾಲ್ವರಲ್ಲೂ ತಂತಿಯ ಮುಖ ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ತಲೆ ಅಲುಗಿಲ್ಲ. ಫೆಡರರ್‌ನ ಕಣ್ಣಂತೂ ಚೆಂಡು ಹೋದ ಮೇಲೂ ತಾಗಿದ ಜಾಗದಲ್ಲೇ ಇರುತ್ತದೆ. ಎಲ್ಲರಲ್ಲೂ ಇರುವುದು ಅಡಿಪಾಯ, ಒಬ್ಬೊಬ್ಬರಲ್ಲಿ ಬೇರೆ ಇರುವುದು ಅವರ ಚಾಳಿ. ನಕಲು ಮಾಡುವುದಾದರೆ ಮೊದಲನೆಯದನ್ನು ಮಾಡಿ. ಅದಕ್ಕೇ ಒಬ್ಬನೇ ಆಟಗಾರನ ನೂರು ವಿಡಿಯೊಗಿಂತ ನಾಲ್ವರದು ಒಂದೊಂದು ಲೇಸು.

ಅಲ್ಲಿಂದ ಹಿಂದಕ್ಕೆ ಹೋಗುತ್ತ ಮಣಿಕಟ್ಟಿಗೆ ಬನ್ನಿ. ರ‍್ಯಾಕೆಟ್ ಮುಂದಕ್ಕೆ ಹೊರಡುವ ಫ್ರೇಮ್‌ಗಳಲ್ಲಿ ಮಣಿಕಟ್ಟು ಹಿಂದಕ್ಕೆ ಬಾಗಿ, ರ‍್ಯಾಕೆಟ್ಟಿನ ತಲೆ ಕೈಗಿಂತ ಹಿಂದೆ ಉಳಿದಿರುತ್ತದೆ. ಕ್ಲಬ್ಬಿನಲ್ಲಿ ಒಬ್ಬ ಹುಡುಗ ಇದನ್ನು ನೋಡಿಕೊಂಡು ಬಂದು ಹೇಳಿದ:

“ಅಣ್ಣಾ, ಅಲ್ಕರಾಸ್ ಮಣಿಕಟ್ಟು ಎಷ್ಟು ಬಾಗಿಸ್ತಾನೆ ಕಂಡ್ಯಾ? ನಾನೂ ಹಾಗೇ ಬಾಗಿಸ್ತೆ.”

“ತಮಾ, ಅವ ಬಾಗಿಸೂದಲ್ಲ, ಅದು ಬಾಗ್ತದೆ.”

ಸೊಂಟ, ಭುಜ ತಿರುಗಿ ಕೈಯನ್ನು ಮುಂದೆ ಎಳೆದಾಗ ರ‍್ಯಾಕೆಟ್ಟಿನ ತಲೆ ತನ್ನ ಜಡತ್ವದಿಂದ ಹಿಂದೆ ಉಳಿಯುತ್ತದೆ. ಹಿಡಿತ ಸಡಿಲ ಇದ್ದರೆ ಮಣಿಕಟ್ಟು ತಾನಾಗಿ ಬಾಗುತ್ತದೆ. ಇದಕ್ಕೆ ಪುರಾವೆ ವಿಡಿಯೊದಲ್ಲೇ ಇದೆ. ಫ್ರೇಮ್ ಎಣಿಸಿ: ಮೊದಲು ಸೊಂಟ ತಿರುಗಲು ಶುರು, ಆಮೇಲೆ ಭುಜ, ಆಮೇಲೆ ಕೈ, ಮಣಿಕಟ್ಟು ಪೂರ್ತಿ ಬಾಗುವುದು ಅದಾದ ಮೇಲೆ. ಬೇಕಂತ ಬಾಗಿಸಿದ್ದರೆ ಕೈ ಹೊರಡುವ ಮೊದಲೇ ಬಾಗಿರುತ್ತಿತ್ತು. ಯಾವುದು ಮೊದಲು ಯಾವುದು ಆಮೇಲೆ ಅಂತ ನೋಡುವುದೇ ಕಾರಣ ಹಿಡಿಯುವ ದಾರಿ.

ಹೊಡೆದ ಮೇಲೆ ರ‍್ಯಾಕೆಟ್ ಕಾರಿನ ವೈಪರ್ ತರಹ ಹೊರಳುವುದೂ ಹಾಗೆಯೇ. ‘ಚೆಂಡಿನ ಮೇಲೆ ರ‍್ಯಾಕೆಟ್ ಉರುಳಿಸಬೇಕು’ ಅಂತ ಹೇಳಿಕೊಡುವವರು ಈಗಲೂ ಇದ್ದಾರೆ. ಫ್ರೇಮ್ ನೋಡಿ. ಹೊರಳುವುದರಲ್ಲಿ ಹೆಚ್ಚಿನ ಪಾಲು ನಡೆಯುವಾಗ ಚೆಂಡು ಆಗಲೇ ಹೊರಟುಹೋಗಿದೆ. ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವ ಸುತ್ತು) ಬರುವುದು ರ‍್ಯಾಕೆಟ್ ಚೆಂಡಿಗಿಂತ ಕೆಳಗೆ ಇಳಿದು, ಅಲ್ಲಿಂದ ಮೇಲೇರುತ್ತ ತಾಗುವುದರಿಂದ. ನಡಾಲ್ ರ‍್ಯಾಕೆಟ್ ತಲೆಯ ಮೇಲೆ ಸುತ್ತಿಸಿ ಮುಗಿಸುವುದು ನೋಡಿ ಮಕ್ಕಳು ಅದನ್ನೇ ಮಾಡುತ್ತಾರೆ. ಆ ಕಡಿದಾದ ಏರುದಾರಿ ಇಲ್ಲದೆ ಬರೀ ಸುತ್ತಿಸಿದರೆ ಗಾಳಿ ಬೀಸಿದಂತೆ ಆಗುತ್ತದೆ, ಅಷ್ಟೇ.

ಇನ್ನೂ ಹಿಂದಕ್ಕೆ ಹೋದರೆ ಹೊಡೆಯದ ಕೈ. ಬಲಗೈ ಆಟಗಾರನ ಎಡಗೈ ಭುಜ ತಿರುಗುವ ತನಕ ರ‍್ಯಾಕೆಟ್ಟಿನ ಕುತ್ತಿಗೆ ಬಿಡುವುದಿಲ್ಲ. ಬಿಟ್ಟ ಮೇಲೆ ಎದೆಯ ಮುಂದೆ ಅಡ್ಡ ಚಾಚುತ್ತದೆ. ಭುಜ ಪೂರ್ತಿ ತಿರುಗುವುದು ಇದರಿಂದಲೇ. ಕೊನೆಗೆ, ಚೆಂಡು ನೆಲಕ್ಕೆ ಬಿದ್ದ ಫ್ರೇಮಿನಲ್ಲಿ ಭುಜ ಎಲ್ಲಿದೆ ನೋಡಿ. ವೃತ್ತಿ ಆಟಗಾರರಲ್ಲಿ ಆ ಹೊತ್ತಿಗೆ ಭುಜ ತಿರುಗಿ ಆಗಿರುತ್ತದೆ.

ಹಿಡಿತ ನೋಡುವುದಾದರೆ ಹೊಡೆತದ ನಡುವೆ ಹುಡುಕಬೇಡಿ, ಮಸುಕಾಗಿರುತ್ತದೆ. ಪಾಯಿಂಟಿನ ನಡುವೆ ಆಟಗಾರ ನಿಂತಾಗಿನ ಹತ್ತಿರದ ಚಿತ್ರ ಹಿಡಿಯಿರಿ. ರ‍್ಯಾಕೆಟ್ಟಿನ ಹಿಡಿಗೆ ಎಂಟು ಮುಖ. ತೋರುಬೆರಳಿನ ಬುಡದ ಗೆಣ್ಣು ಯಾವ ಮುಖದ ಮೇಲಿದೆ ಅನ್ನುವುದೇ ಲೆಕ್ಕ. ಬಲಗೈಯವರಿಗೆ ಮೇಲಿನ ಮುಖ ಒಂದು ಅಂತ ಹಿಡಿದು ಬಲಕ್ಕೆ ಎಣಿಸಿದರೆ ಎರಡು ಕಾಂಟಿನೆಂಟಲ್, ಮೂರು ಈಸ್ಟರ್ನ್, ನಾಲ್ಕು ಸೆಮಿ ವೆಸ್ಟರ್ನ್, ಐದು ವೆಸ್ಟರ್ನ್.

ಸರ್ವ್

ಸರ್ವ್ ಕಲಿಯಲು ಕೊಡಗಿನ ರೋಹನ್ ಬೋಪಣ್ಣನ ವಿಡಿಯೊ ಹಾಕಿ. ನಮ್ಮವರು ಅನ್ನುವ ಪ್ರೀತಿ ಇದ್ದದ್ದೇ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದವರು, ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೆ ಏರಿದವರು. ಆ ವಯಸ್ಸಿನಲ್ಲೂ ಅವರ ಆಟಕ್ಕೆ ಬಲ ಕೊಟ್ಟಿದ್ದು ಸರ್ವ್.

ನಿಲ್ಲುವ ರೀತಿ ಎರಡು ತರ. ಫೆಡರರ್, ಜೊಕೊವಿಚ್ ಎರಡೂ ಪಾದ ದೂರವೇ ಇಟ್ಟು ಜಿಗಿಯುತ್ತಾರೆ. ಸೆರೆನಾ ವಿಲಿಯಮ್ಸ್, ಆ್ಯಂಡಿ ಮರ‍್ರೆ ಹಿಂದಿನ ಪಾದವನ್ನು ಮುಂದಿನದರ ಹತ್ತಿರ ಎಳೆದುಕೊಂಡು ಜಿಗಿಯುತ್ತಾರೆ. ಇದು ಶೈಲಿ, ನಿಮಗೆ ಹೊಂದುವುದನ್ನು ಇಟ್ಟುಕೊಳ್ಳಿ. ಎಲ್ಲರಲ್ಲೂ ಇರುವುದು ಬೇರೆ: ಮೊಣಕಾಲು ನೆಟ್ಟಗಾಗುತ್ತ ದೇಹ ಮೇಲೇಳುವಾಗ ರ‍್ಯಾಕೆಟ್ಟಿನ ತಲೆ ಬೆನ್ನ ಹಿಂದೆ ಕೆಳಕ್ಕೆ ಇಳಿಯುತ್ತದೆ. ಒಂದು ಮೇಲೆ, ಒಂದು ಕೆಳಗೆ, ಒಟ್ಟಿಗೇ. ಕ್ಲಬ್ ಆಟಗಾರರಲ್ಲಿ ರ‍್ಯಾಕೆಟ್ ಮೊದಲೇ ಇಳಿದು ಬೆನ್ನು ಕೆರೆಯುತ್ತ ಕಾಯುತ್ತಿರುತ್ತದೆ.

ಆಮೇಲೆ ಹಿಂದಿನ ಕೋನದ ವಿಡಿಯೊದಲ್ಲಿ ಕೊನೆಯ ಕೆಲವು ಫ್ರೇಮ್ ನೋಡಿ. ರ‍್ಯಾಕೆಟ್ ಚೆಂಡಿನ ಕಡೆಗೆ ಅಂಚಿನಿಂದ ಏರುತ್ತದೆ, ಕತ್ತಿ ಬೀಸಿದ ಹಾಗೆ ಕಾಣುತ್ತದೆ. ತಾಗುವ ಹೊತ್ತಿಗೆ ಮುಖ ಚೆಂಡಿಗೆ ತಿರುಗಿರುತ್ತದೆ. ಬಲಗೈಯವರ ಅಂಗೈ ತಾಗಿದ ಮೇಲೆ ಬಲಕ್ಕೆ, ಹೊರಕ್ಕೆ ತಿರುಗುತ್ತದೆ. ಭುಜ ಮತ್ತು ಮುಂಗೈ ಒಳಮುಖವಾಗಿ ತಿರುಗುವುದರಿಂದ ಆಗುವುದು ಇದು. ಕಾಂಟಿನೆಂಟಲ್ ಹಿಡಿತ ಇಲ್ಲದವರಿಗೆ ಇದು ಬರುವುದಿಲ್ಲ. ಹಿಡಿತ ಸರಿ ಇದ್ದವರಿಗೆ ಹೆಚ್ಚು ಹೇಳಿಕೊಡಬೇಕಿಲ್ಲ.

ಬೋಪಣ್ಣ, ಫೆಡರರ್ ತರಹ ಒಂದೇ ಕೈಯ ಬ್ಯಾಕ್‌ಹ್ಯಾಂಡ್ (ಕೈಯ ಬೆನ್ನು ಮುಂದಿಟ್ಟು ಹೊಡೆಯುವ ಹೊಡೆತ) ಇದ್ದರೆ ಹೊಡೆಯದ ಕೈ ನೋಡಿ: ರ‍್ಯಾಕೆಟ್ ಮುಂದೆ ಹೋದಷ್ಟೂ ಅದು ಹಿಂದೆ ಹೋಗಿ ಎದೆ ಬೇಗ ತೆರೆಯದಂತೆ ತಡೆಯುತ್ತದೆ. ಎರಡು ಕೈಯ ಬ್ಯಾಕ್‌ಹ್ಯಾಂಡ್‌ನಲ್ಲಿ ಮೇಲಿನ ಕೈಯ ಕೆಲಸ ನೋಡಿ. ಬಲಗೈಯವರಿಗೆ ಅದು ಬಹಳಷ್ಟು ಮಟ್ಟಿಗೆ ಎಡಗೈಯ ಫೋರ್‌ಹ್ಯಾಂಡೇ.

ನಿಮ್ಮದೇ ವಿಡಿಯೊ ತೆಗೆಯುವುದು

ಮಳೆ ನಿಂತ ಮೇಲಿನ ಕೆಲಸ ಇದು. ಟೆನಿಸ್ ಕೋರ್ಟನ್ನು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಕಟ್ಟುತ್ತಾರೆ, ಬಿಸಿಲು ಕಣ್ಣಿಗೆ ಹೊಡೆಯಬಾರದು ಅಂತ. ನಮ್ಮ ಕರಾವಳಿಯಲ್ಲಿ ಸಮುದ್ರ ಪಶ್ಚಿಮಕ್ಕೆ. ಹಾಗಾಗಿ ಸಂಜೆ ಮೊಬೈಲ್ ಸಮುದ್ರದ ಬದಿಗೆ ಇಡಿ, ಸೂರ್ಯ ಕ್ಯಾಮೆರಾದ ಬೆನ್ನಿಗೆ ಬರುತ್ತಾನೆ. ಬಲಗೈಯವರು ಉತ್ತರದ ತುದಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಆಡಿದರೆ ಹೊಡೆಯುವ ಕೈ ಕ್ಯಾಮೆರಾ ಕಡೆಗೇ ಬರುತ್ತದೆ. ಬೆಳಿಗ್ಗೆ ಇದರ ಉಲ್ಟಾ: ದಕ್ಷಿಣದ ತುದಿ, ಕ್ಯಾಮೆರಾ ಪೂರ್ವಕ್ಕೆ. ಬೆಳಕು ಜಾಸ್ತಿ ಇದ್ದಷ್ಟೂ ಶಟರ್ ಬೇಗ ಮುಚ್ಚುತ್ತದೆ, ಚಿತ್ರ ಚೊಕ್ಕ ಬರುತ್ತದೆ. ಸರ್ವ್ ತೆಗೆಯಲು ಬೆಳಿಗ್ಗೆಯೇ ಒಳ್ಳೆಯದು. ಮಧ್ಯಾಹ್ನದ ಮೇಲೆ ಕಡಲ ಗಾಳಿ ಕೋರ್ಟಿಗೆ ಅಡ್ಡ ಬೀಸುತ್ತದೆ, ಟಾಸ್ ಸರಿಯುತ್ತದೆ. ಆಮೇಲೆ ಟಾಸ್ ತಪ್ಪು ನಿಮ್ಮದೋ ಗಾಳಿಯದೋ ತಿಳಿಯುವುದಿಲ್ಲ.

ಫ್ಲಡ್‌ಲೈಟಿನಲ್ಲಿ 240 ಫ್ರೇಮ್ ಇಟ್ಟರೆ ಚಿತ್ರ ಮಿಣಮಿಣ ಅನ್ನಬಹುದು. ನಮ್ಮ ಕರೆಂಟು 50 ಹರ್ಟ್ಸ್, ಹಲವು ದೀಪ ಸೆಕೆಂಡಿಗೆ ನೂರು ಸಲ ಮಂಕಾಗಿ ಬೆಳಗುತ್ತದೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೆ ಕಾಣುತ್ತದೆ. ಮೊಬೈಲ್ ಸೊಂಟದ ಎತ್ತರಕ್ಕೆ, ಅಲುಗದಂತೆ, ಬೇಸ್‌ಲೈನಿಗೆ ನೇರವಾಗಿ ಇಡಿ. ಲೆನ್ಸ್ ಒರೆಸಿ, ಉಪ್ಪು ಗಾಳಿಯ ಪೊರೆ ಕೂತಿರುತ್ತದೆ. ವಿಡಿಯೊ ಕಳಿಸುವುದಾದರೆ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ಅದು ಒತ್ತಿ ಕುಗ್ಗಿಸುತ್ತದೆ, ಫ್ರೇಮ್‌ಗಳು ಹೋಗಿಬಿಡಬಹುದು.

ಸ್ಪಿನ್ ಅಳೆಯಬೇಕಾ? ಚೆಂಡಿನ ಅರ್ಧಕ್ಕೆ ಕಪ್ಪು ಮಾರ್ಕರ್ ಬಳಿಯಿರಿ. 240 ಫ್ರೇಮಿನಲ್ಲಿ ಚೆಂಡು ಒಂದು ಸುತ್ತು ತಿರುಗಲು ಎಷ್ಟು ಫ್ರೇಮ್ ಬೇಕಾಯಿತು ಎಣಿಸಿ. 14,400ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಬರುತ್ತದೆ. ಒಂಬತ್ತು ಫ್ರೇಮ್ ಆದರೆ 1,600. ಅಮೆರಿಕದ ಟೆನಿಸ್ ಸಂಶೋಧಕ ಜಾನ್ ಯಾಂಡೆಲ್ ಹೈಸ್ಪೀಡ್ ಕ್ಯಾಮೆರಾದಿಂದ ಇದೇ ತರ ಎಣಿಸಿದಾಗ ನಡಾಲ್ ಫೋರ್‌ಹ್ಯಾಂಡಿನ ಸರಾಸರಿ ಸುಮಾರು 3,200, ಫೆಡರರ್‌ನದು 2,700 ಬಂದಿತ್ತು.

ಸರ್ವ್ ವೇಗವೂ ಹೀಗೆಯೇ ಸಿಗುತ್ತದೆ. ಬೇಸ್‌ಲೈನಿನಿಂದ ಎದುರಿನ ಸರ್ವಿಸ್ ಲೈನಿಗೆ (ಸರ್ವ್ ಬೀಳಬೇಕಾದ ಚೌಕದ ಹಿಂದಿನ ಗೆರೆ) 18.3 ಮೀಟರ್. ತಾಗಿದ ಫ್ರೇಮಿನಿಂದ ಆ ಗೆರೆಯ ಹತ್ತಿರ ಪುಟಿದ ಫ್ರೇಮಿಗೆ 240ರ ವಿಡಿಯೊದಲ್ಲಿ 144 ಫ್ರೇಮ್ ಆದರೆ 0.6 ಸೆಕೆಂಡ್, ಸರಾಸರಿ ಗಂಟೆಗೆ 110 ಕಿ.ಮೀ. ರ‍್ಯಾಕೆಟ್ ಬಿಟ್ಟಾಗಿನ ವೇಗ ಇದಕ್ಕಿಂತ ಜಾಸ್ತಿ, ಟಿವಿಯಲ್ಲಿ ತೋರಿಸುವುದು ಅದನ್ನೇ.

ಪಕ್ಕಪಕ್ಕ ಇಟ್ಟು ನೋಡುವುದು

ಎರಡು ವಿಡಿಯೊಗಳನ್ನು ತಾಗಿದ ಫ್ರೇಮಿಗೆ ಹೊಂದಿಸಿ, ಶುರುವಿಗೆ ಹೊಂದಿಸಬೇಡಿ. ಶಿರಸಿಯ ಒಬ್ಬ ಕಾಲೇಜು ಹುಡುಗಿಯ ಫೋರ್‌ಹ್ಯಾಂಡ್ ಮತ್ತೆ ಮತ್ತೆ ಬಲಕ್ಕೆ ಹೊರಗೆ ಹೋಗುತ್ತಿತ್ತು. ಅವಳ ಅಪ್ಪ ರ‍್ಯಾಕೆಟ್ಟಿನ ಮುಖ ತಿದ್ದಿಸುತ್ತಿದ್ದರು. ತಾಗಿದ ಫ್ರೇಮಿನಲ್ಲಿ ನಿಲ್ಲಿಸಿದರೆ ಚೆಂಡು ಬಲ ಸೊಂಟದ ಪಕ್ಕಕ್ಕೆ ಬಂದಿತ್ತು, ಅಂದರೆ ತಡ. ಹಿಂದಕ್ಕೆ ಹೋದೆವು. ಸ್ವಿಂಗ್ ಚೆನ್ನಾಗಿಯೇ ಇತ್ತು. ಇನ್ನೂ ಹಿಂದಕ್ಕೆ, ಚೆಂಡು ನೆಲಕ್ಕೆ ಬಿದ್ದ ಫ್ರೇಮಿಗೆ. ಅಲ್ಲಿ ಭುಜ ಇನ್ನೂ ನೆಟ್ ಕಡೆಗೇ ನೋಡುತ್ತಿತ್ತು, ಎಡಗೈ ರ‍್ಯಾಕೆಟ್ ಬಿಟ್ಟು ಕೆಳಗೆ ಜೋತುಬಿದ್ದಿತ್ತು. ರೋಗ ಮುಖದಲ್ಲಿ ಇರಲಿಲ್ಲ, ಎಡಗೈಯಲ್ಲಿತ್ತು. ಎಡಗೈ ರ‍್ಯಾಕೆಟ್ ಹಿಡಿದೇ ಭುಜ ತಿರುಗಿಸು ಅಂತ ಒಂದೇ ಮಾತು ಹೇಳಿದ್ದು.

ಒಂದು ವಿಡಿಯೊದಿಂದ ಒಂದೇ ಬದಲಾವಣೆ ತೆಗೆದುಕೊಂಡು ಕೋರ್ಟಿಗೆ ಹೋಗಿ. ಎರಡು ವಾರ ಆದ ಮೇಲೆ ಅದೇ ಜಾಗ, ಅದೇ ಎತ್ತರ, ಅದೇ ಹೊತ್ತಿನ ಬೆಳಕಿನಲ್ಲಿ ಮತ್ತೆ ತೆಗೆಯಿರಿ. ಗೆದ್ದ ಹೊಡೆತಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದು ಅಳಿಸುವ ಚಾಳಿ ಎಲ್ಲರಿಗೂ ಇದೆ. ನೆಟ್ಟಿಗೆ ಬಡಿದ ಹೊಡೆತಗಳನ್ನೇ ಮೊದಲು ಸೇವ್ ಮಾಡಿ, ಫೈಲಿನ ಹೆಸರಲ್ಲಿ ತಾರೀಕು, ಹೊಡೆತ, ಕೋನ, ಫ್ರೇಮಿನ ಸಂಖ್ಯೆ ನಾಲ್ಕೂ ಬರೆದಿಡಿ.